ಮುಚ್ಚಳಕ್ಕ ಸರಪಳಿ

ನಮ್ಮೂರ ಮಸೂತಿಯ ಸಾಮಾನಿನ ಖೋಲಿಯೊಳಗ ನಾಕು ತಾಮ್ರದ ದೇಗ ಅದಾವ. ದೇಗ ಅಂದ್ರ ಮದುವಿ ಮನಿಯಾಗ ಅನ್ನ ಬೇಯಿಸೋ ಹಂಡೆ, ಸಣ್ಣ ಹುಡುಗ್ರು ಒಳಗ ಕುಂತು ಕಣ್ಣಮುಚ್ಚಾಲಿ ಆಡೋವಷ್ಟು ದೊಡ್ಡವು. ಒಂದೊಂದು ದೇಗಿನ ಕಿವಿಗೂ ಅದರ ಮುಚ್ಚಳಕ್ಕೂ ನಡುವ ಕಬ್ಬಿಣದ ಸರಪಳಿ ಹಾಕಿ ಜಡದಾರ. ಹೊರಗಿನಿಂದ ಅಡಗಿ ಮಾಡಾಕ ಬಂದವರಿಗೆ ಇದು ದೊಡ್ಡ ತಲಿಬ್ಯಾನಿ. ಮುಚ್ಚಳ ತಗದು ದೂರ ಇಡಾಕ ಬರೂದಿಲ್ಲ, ಸೌಟು ತಿರುವಿದ್ರ ಖಣಖಣ ಸಪ್ಪಳ, ಕಾದ ಸರಪಳಿ ಕೈಗೆ ಹತ್ತಿದ್ರ ಚುರ್ ಅಂತೈತಿ. ಎರಡು ಸಾವಿರದ ಈಚೆ ಯಾವುದೋ ಒಂದು ಲಗ್ನದಾಗ ಬೈಲಹೊಂಗಲದಿಂದ ಬಂದ ಅಡಗಿಯಾಂವ ಬೆರಳು ಸುಟ್ಟುಕೊಂಡು, "ಯಾಂವ ಹುಚ್ಚ ಮಾಡ್ಯಾನ್ರಿ ಈ ಕೆಲಸಾ?" ಅಂತ ಒದರಿದ. ನಾ ಬಾಜೂಕ ಉಳ್ಳಾಗಡ್ಡಿ ಹೆಚ್ಚಕೋತ ಕುಂತಿದ್ನಿ. "ನಮ್ಮ ಮಾಮು," ಅಂದ್ನಿ. ಪಾಪ, ಆ ಮನಷ್ಯಾ ಊಟ ಮುಗಿಯೋ ತನಕ ನನ್ನ ಕಡೆ ತಿರುಗಿ ನೋಡಲಿಲ್ಲ.

ನನಗೇನೂ ಸಿಟ್ಟು ಬಂದಿರಲಿಲ್ಲ. ಅಂವ ಕೇಳಿದ್ದು ಖರೇನ ಇತ್ತು. ಆದ್ರ ಆ ಹುಚ್ಚು ಒಬ್ಬನದಲ್ಲ, ಊರಾಗಿನ ಅಷ್ಟೂ ಮುಸಲ್ಮಾನರದು, ಅದರಾಗೂ ನಮ್ಮ ಮನಿತನದ ಮೂರು ಮಂದಿದು. ಒಬ್ಬಾಕಿ ನಮ್ಮ ಅಮ್ಮಾ. ಇನ್ನೊಬ್ಬಾಂವ ಆಕಿ ಗಂಡ, ನಮ್ಮ ಅಬ್ಬಾ. ಮೂರನೇದಾಂವ ಆಕಿ ಅಣ್ಣ, ನಮ್ಮ ಮಾಮು. ಮೂರೂ ಮಂದಿ ಒಳ್ಳೆಯವರು, ಮೂರೂ ಮಂದಿ ಮೊಂಡರು. ನಾಕನೇ ಮೊಂಡಿ ನಾನು, ಆದ್ರ ಆಗ ನನ್ನ ಯಾರೂ ಲೆಕ್ಕಕ್ಕ ಹಿಡದಿರಲಿಲ್ಲ.

ನಮ್ಮೂರು ರಾಮದುರ್ಗ ತಾಲೂಕಿನ್ಯಾಗ, ಸುರೇಬಾನದ ಬಸ್ಸಿನ ಹಾದಿ ಮ್ಯಾಲೆ. ಮುಸಲ್ಮಾನರ ಮನಿ ನಾಲ್ವತ್ತರ ಮ್ಯಾಲೆ ಇರಲಿಕ್ಕಿಲ್ಲ. ಅಬ್ಬಾ ಟೆಂಪೋ ಹೊಡೀತಿದ್ದ. ಯರಗಟ್ಟಿ ಪ್ಯಾಟಿಗೆ ಜ್ವಾಳ, ಗ್ವಾಂಜೋಳ ಒಯ್ಯೂದು, ಬರೂವಾಗ ಅಂಗಡಿ ಸಾಮಾನು ತರೂದು. ಮಾಮು ಕಲಾಯಿ ಮಾಡ್ತಿದ್ದ. ತಾಮ್ರದ ಭಾಂಡೆಯ ಒಳಮೈಗೆ ತವರದ ಬಿಳಿ ಪೂಸೂದಕ್ಕ ಕಲಾಯಿ ಅಂತಾರ. ಅದು ಸವದ ಭಾಂಡೆದಾಗ ಅಡಗಿ ಮಾಡಿದ್ರ ಕಿಲುಬು ಬಿಟ್ಟು ಉಂಡವರ ಹೊಟ್ಟಿ ಕೆಡತೈತಿ. ಅದಕ್ಕ ಸವದತ್ತಿ ತನಕ ಯಾರ ಮನಿಯಾಗ ಲಗ್ನ ಇದ್ರೂ ಮಾಮೂನ ಮನಿ ಮುಂದ ಭಾಂಡೆ ಸಾಲು ಹಚ್ಚಿರತಿದ್ವು.

ನಾ ಸಣ್ಣಾಕಿ ಇದ್ದಾಗ ದೇಗ ತಿಕ್ಕೂದು ನನ್ನ ಕೆಲಸ. ಮಾಮು ಒಳಗ ಉಸುಕು ಹಾಕಿ ನನ್ನ ಎತ್ತಿ ಅದರಾಗ ಇಳಿಸತಿದ್ದ. ನಾ ಅಂಚು ಹಿಡಕೊಂಡು ಬರಿಗಾಲಿಲೆ ಗರಗರ ತಿರುಗಬೇಕು. "ಇನ್ನೂ ಜೋರ! ಕಾಲಾಗ ಏನ್ ಗಂಜಿ ತುಂಬೇತೇನ?" ಅಂತ ಅಂವ ಹೊರಗ ನಿಂತು ಕೂಗೂದು. ಆಮ್ಯಾಲೆ ಕುಲುಮಿ ಮ್ಯಾಲೆ ದೇಗ ಕಾಸಿ, ನವಸಾಗರದ ಪುಡಿ ಒಗದು, ತವರದ ಕಡ್ಡಿ ಒರಸಿ, ಹತ್ತಿ ಉಂಡಿಲೆ ಒಂದು ಸುತ್ತು ಕೈ ಆಡಿಸಿದ್ರ ಬುಸ್ಸಂತ ಬಿಳಿ ಹೊಗಿ ಏಳತಿತ್ತು. ಹೊಗಿ ಸರದ ಮ್ಯಾಲೆ ನೋಡಿದ್ರ ಕರ್ರಗಿದ್ದ ಭಾಂಡೆ ಕನ್ನಡಿ ಆಗಿರತಿತ್ತು. ಅದರಾಗ ಮಾರಿ ನೋಡಕೊಂಡು ಹಲ್ಲು ಕಿಸಿಯೂದು, ಅದ ನನ್ನ ಪಗಾರ.

ಆ ನಾಕು ದೇಗ ಊರ ಮುಸಲ್ಮಾನರ ಜಮಾತಿಗೆ ಕೊಟ್ಟಾಂವ ನಮ್ಮ ನಾನಾ, ಅಂದ್ರ ಅಮ್ಮನ ಅಪ್ಪ. ಅಂವನ ಹೆಸರು ಪ್ರತಿ ದೇಗಿನ ಕಂಠಕ್ಕ ಕೊರದಿತ್ತು. ಮುಸಲ್ಮಾನರಷ್ಟ ಅಲ್ಲ, ಲಿಂಗಾಯತರ ಮನಿ ಲಗ್ನಕ್ಕೂ ಸಾರು, ಹುಗ್ಗಿ ಕುದಸಾಕ ಒಯ್ಯತಿದ್ರು. ಅಮ್ಮಾ ದೇಗಿನ ಮುಂದ ಹಾದು ಹೋಗೂವಾಗ ಆ ಹೆಸರಿನ ಮ್ಯಾಲೆ ಸೆರಗಿಲೆ ಒಂದು ಸಲ ಒರಸೇ ಹೋಗಾಕಿ.

ಅಬ್ಬಾ ಮತ್ತ ಮಾಮು ಸಾಲಿಯಿಂದ ದೋಸ್ತರು. 'ಲೇ' ಬಿಟ್ಟು ಒಬ್ಬರನ್ನೊಬ್ಬರು ಕರದವರಲ್ಲ. ದೋಸ್ತಿ ಇನ್ನಷ್ಟು ಗಟ್ಟಿ ಆಗಲಿ ಅಂತ ಮಾಮು ತನ್ನ ತಂಗಿನ್ನ ಕೊಟ್ಟ. ಗಟ್ಟಿ ಆತು ಹೌದು. ಆದ್ರ ಅಷ್ಟು ಗಟ್ಟಿ ಇದ್ದದ್ದು ಒಡದಾಗ ಸಪ್ಪಳ ಇಡೀ ಊರಿಗೆ ಕೇಳಿಸ್ತು.

ಒಡದಿದ್ದು ಚಂದ್ರನ ಸಲುವಾಗಿ. ತೊಂಬತ್ತರ ದಶಕದ ನಡುವಿನ ಮಾತು. ರಮಜಾನದ ಇಪ್ಪತ್ತೊಂಬತ್ತನೇ ಸಂಜಿ. ಚಂದ್ರ ಕಂಡ್ರ ನಾಳೆ ಈದ್, ಕಾಣದಿದ್ರ ಇನ್ನೊಂದು ದಿನ ರೋಜಾ, ಅಂದ್ರ ಉಪಾಸ. ಆ ಸಂಜಿ ಮುಗಲ ತುಂಬ ಮೋಡ. ಎಲ್ಲಾರೂ ಮಸೂತಿ ಮಾಳಿಗಿ ಹತ್ತಿ ಕುತ್ತಿಗಿ ನೋಯಿಸ್ಕೊಂಡು ಇಳದ್ರು. ಅಷ್ಟೊತ್ತಿಗೆ ಅಬ್ಬಾ ಯರಗಟ್ಟಿಯಿಂದ ಟೆಂಪೋದ ಹಾರನ್ನು ಒತ್ತಕೋತ ಬಂದ.

"ಚಂದ್ರ ಆತು! ಪ್ಯಾಟ್ಯಾಗ ಹುಬ್ಬಳ್ಳಿಯಿಂದ ಫೋನ್ ಬಂದೈತಿ. ನಾಳೆ ಈದ್!"

ಮಾಮು ಮಸೂತಿ ಪಾವಟಿಗಿ ಮ್ಯಾಲೆ ಕುಂತಿದ್ದ. "ಕಣ್ಣಿಲೆ ನೋಡಿದಾಂವ ಯಾರು?" ಅಂದ.

"ಫೋನ್ ಬಂದೈತಿ ಅಂದ್ನೆಲ್ಲೋ."

"ಫೋನ್ ನಿನಗ ಬಂತೇನ? ಯಾರೋ ಯಾರಿಗೋ ಹೇಳಿದ್ದನ್ನ ಕೇಳಿ ಒಬ್ಬ ಟೆಂಪೋ ಹೊಡಿಯಾಂವ ಬಂದು ಹೇಳಿದ್ರ ಅದು ಸಾಕ್ಷಿ ಆಗೂದಿಲ್ಲ."

ಅಲ್ಲೇ ಇದ್ದ ಮಂದಿ ನಕ್ಕರು. ಅದ ತಪ್ಪಾತು. ಮಾಮು ಹೇಳಿದ್ದು ಶರಿಯತ್ತಿನ ಮಾತು ಇರಬಹುದು, ಆದ್ರ ಅಬ್ಬಾಗ ಕೇಳಿಸಿದ್ದು 'ಟೆಂಪೋ ಹೊಡಿಯಾಂವ' ಅನ್ನೂದೊಂದ. ಅಂವನೂ ಸುಮ್ಮನಿರೋ ಪೈಕಿ ಅಲ್ಲ. "ವರ್ಷಾನಗಟ್ಟಲೆ ಕುಲುಮಿ ಹೊಗಿ ಕುಡದ ಕಣ್ಣು ನಿನ್ನವು. ಎದುರಿಗೆ ಎಮ್ಮಿ ನಿಂತ್ರೂ ಕಾಣೂದಿಲ್ಲ, ಚಂದ್ರ ಏನ್ ಕಂಡೀತು?" ಅಂದ. ಅದಕ್ಕೂ ಮಂದಿ ನಕ್ಕರು. ನಮ್ಮೂರ ಮಂದಿಗೆ ನಗೂದೊಂದ ಗೊತ್ತು.

ಮರುದಿನ ಅರ್ಧ ಊರಿಗೆ ಈದ್, ಅರ್ಧ ಊರಿಗೆ ರೋಜಾ. ಈದ್ ದಿನ ರೋಜಾ ಇರೂದು ನಮ್ಮೊಳಗ ತಪ್ಪು, ರೋಜಾ ದಿನ ಉಣ್ಣೂದು ಅದಕ್ಕಿಂತ ತಪ್ಪು. ಹಿಂಗಾಗಿ ಹೊಸ ಅಂಗಿ ಹಾಕ್ಕೊಂಡವರು ಹಳೇ ಅಂಗಿಯವರನ್ನ ಪಾಪ ಅಂತ ನೋಡೂದು, ಅವರು ಇವರನ್ನ ಅಯ್ಯೋ ಅಂತ ನೋಡೂದು. ಒಂದ ಓಣ್ಯಾಗ ಒಂದು ಮನಿಯಿಂದ ಬಿರ್ಯಾನಿ ವಾಸನಿ, ಬಾಜೂ ಮನಿಯಾಗ ಹಸದ ಹೊಟ್ಟಿ.

ಅಮ್ಮಾ ಪ್ರತಿ ಈದಿಗೆ ಮೊದಲನೇ ಬಟ್ಟಲ ಸುರಕುಂಬಾ ಅಣ್ಣನ ಮನಿಗೆ ಒಯ್ಯಾಕಿ. ಹಾಲಾಗ ಶಾವಿಗಿ, ಖಾರೀಕು, ಗ್ವಾಡಂಬಿ ಹಾಕಿ ಕಾಯಿಸಿದ್ದು. ಲಗ್ನ ಆದಾಗಿಂದ ಒಂದು ಈದೂ ತಪ್ಪಿಸಿರಲಿಲ್ಲ. ಆ ದಿನಾನೂ ಹೊಂಟಳು. ನೀಲಿ ಹೂವಿನ ಚೀನಿ ಬಟ್ಟಲ, ಮ್ಯಾಲೆ ತಾನ ಹೆಣದ ಬಿಳಿ ವಸ್ತ್ರ. ನಾ ಹಿಂದಿಂದ ಹೋಗಿದ್ನಿ. ಮಾಮು ಬಾಗಿಲಾಗ ನಿಂತಿದ್ದ, ತುಟಿ ಒಣಗಿದ್ವು. ವಸ್ತ್ರ ಎತ್ತಿ ಸೈತ ನೋಡಲಿಲ್ಲ.

"ನಂದು ಇವತ್ತ ರೋಜಾ ಐತಿ. ಒಯ್ಯಿ," ಅಂದ.

ಅಲ್ಲಾ, ಇಸ್ಕೊಂಡು ಒಳಗಿಟ್ಟು ಸಂಜೀಕ ರೋಜಾ ಬಿಡೂವಾಗ ಕುಡದಿದ್ರ ಏನ್ ಗಂಟ ಹೋಗತಿತ್ತು? ನಾ ಅದನ್ನ ಅಂವಗ ಕೇಳೂವಾಕಿ ಇದ್ನಿ, ಅಮ್ಮಾ ನನ್ನ ರಟ್ಟಿ ಹಿಡದು ಎಳಕೊಂಡು ಬಂದಳು. ಮನಿಗೆ ಬಂದು ಸುರಕುಂಬಾ ಹಿತ್ತಲದ ಹುಡುಗ್ರಿಗೆ ಸುರವಿ, ಬಟ್ಟಲ ತೊಳದು, ಗ್ವಾಡಿ ಮಾಡದ ಮ್ಯಾಲಿನ ಹಲಗಿ ಮ್ಯಾಲೆ ಬೋರಲ ಹಾಕಿದಳು. "ಇನ್ನ ಮ್ಯಾಲೆ ಈ ಬಟ್ಟಲ ಇಳಿಯೂದಿಲ್ಲ," ಅಂದಳು. ಅಳಲಿಲ್ಲ. ಅತ್ತಿದ್ರ ಛೊಲೊ ಇತ್ತು, ಎರಡು ದಿನದಾಗ ಮುಗೀತಿತ್ತು.

ಮುಗೀಲಿಲ್ಲ. ಅಬ್ಬಾನ ಕಡೆಯವರು, ಮಾಮೂನ ಕಡೆಯವರು ಅಂತ ಜಮಾತ ಎರಡ ಆತು. ಇವರು ಮಸೂತಿಯಾಗ ಉಳದ್ರು, ಅವರು ಬೆಲ್ಲ ಇಡೋ ಒಂದು ಪತ್ರಾಸ ಶೆಡ್ಡಿನಾಗ ನಮಾಜ ಸುರು ಮಾಡಿದ್ರು. ಮುಸಲ್ಮಾನ ಮುಸಲ್ಮಾನನ ಸಂಗಾಟ ಮೂರು ದಿನದಕಿಂತ ಹೆಚ್ಚು ಮಾತು ಬಿಡಬಾರದು ಅಂತ ಎರಡೂ ಕಡೆ ಶುಕ್ರವಾರದ ಬಯಾನದಾಗ ಹೇಳತಿದ್ರು. ಹೇಳಿ, ಇದು ಆ ಕಡೆಯವರಿಗೆ ಹೇಳಿದ ಮಾತು ಅಂತ ತಿಳಕೊಂಡು ಮನಿಗೆ ಬರತಿದ್ರು.

ಸಾಮಾನು ಹಂಚಾಕ ಬೈಲಹೊಂಗಲದಿಂದ ಒಬ್ಬ ಹಜರತರನ್ನ ಕರಸಿದ್ರು. ಬಾಳ ವಯಸ್ಸಾದ ಮೌಲ್ವಿ, ಮಾತು ಕಡಿಮಿ, ನಡುನಡುವ ನಿದ್ದಿ. ಒಂದಾಗರಿ ಅಂತ ಅರ್ಧ ದಿನ ಹೇಳಿದ್ರು. ಯಾರೂ ಕೇಳಲಿಲ್ಲ. ಆಗ ಅವರು ನಿಟ್ಟುಸಿರು ಬಿಟ್ಟು, "ಹಂಗಾದ್ರ ನಗ ಎಣಸರಿ, ಒಂದೊಂದು ಸಾಮಾನು ಒಂದೊಂದು ನಗ. ಸರಿಸಮ ಹಂಚೋಣು," ಅಂದ್ರು. ದೇಗ ನಾಕು ನಗ, ಅಬ್ಬಾನ ಕಡೆಗೆ. ಮುಚ್ಚಳ ನಾಕು ನಗ, ಮಾಮೂನ ಕಡೆಗೆ. ಮೈಕಿನ ಮಶೀನು ಅವರಿಗೆ, ಮಾಳಿಗಿ ಮ್ಯಾಲಿನ ಸ್ಪೀಕರ್ ಕರ್ಣಿ ಇವರಿಗೆ. ದೊಡ್ಡ ಗಡಿಯಾರ ಇವರಿಗೆ, ಅದರ ಕೀಲಿ ಅವರಿಗೆ. ಎಲ್ಲಾರೂ ಸರಿಸಮ ಅಂತ ತಲಿ ಹಾಕಿದ್ರು. ಹಜರತರು ಬಸ್ಸು ಹತ್ತಿ ಹೋದ ಮ್ಯಾಲೆ ಮಂದಿಗೆ ಅಕಲು ಬಂತು. ಮಶೀನು ಇದ್ದವರಿಗೆ ಕರ್ಣಿ ಇಲ್ಲ, ಕರ್ಣಿ ಇದ್ದವರಿಗೆ ಮಶೀನಿಲ್ಲ. ಎರಡೂ ಕಡೆ ಬರೇ ಗಂಟಲಿಲೆ ಆಜಾನ ಕೊಟ್ಟು ಕೆಮ್ಮು ಹಚ್ಚಿಕೊಂಡ್ರು. ಮುದುಕಗ ಲೆಕ್ಕ ಬರೂದಿಲ್ಲ ಅಂತ ಎರಡೂ ಜಮಾತು ಬೈದವು. ಅದೊಂದರಾಗ ಇಬ್ಬರದೂ ಒಮ್ಮತ ಇತ್ತು.

ಬಾಳ ವರ್ಷದ ಮ್ಯಾಲೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ್ಯಾಗ ಅವರು ಸಿಕ್ಕಿದ್ರು. "ಹಜರತ್, ಬೇಕಂತ ಹಂಗ ಹಂಚಿದ್ರೇನ್ರಿ?" ಅಂತ ಕೇಳಿದ್ನಿ. "ನನಗ ಲೆಕ್ಕ ಬರೂದಿಲ್ಲವಾ ಮಗಳ," ಅಂದು ಬಾಯಿಗೆ ಕೈವಸ್ತ್ರ ಹಿಡಕೊಂಡ್ರು. ಕೆಮ್ಮಿದ್ರೋ ನಕ್ಕರೋ ನನಗ ಗೊತ್ತಾಗಲಿಲ್ಲ.

ಖರೇ ಹೇಳಬೇಕಂದ್ರ ಹೆಣಮಕ್ಕಳು ಒಡದಿರಲಿಲ್ಲ. ನಳದ ಹಂತ್ಯಾಕ ಎರಡೂ ಜಮಾತಿನ ಕೊಡ ಒಂದ ಸಾಲಿನ್ಯಾಗ ನಿಂದ್ರತಿದ್ವು, ಹಿತ್ತಲದ ಗ್ವಾಡಿ ಮ್ಯಾಲಿಂದ ಪಲ್ಯಾ ದಾಟತಿತ್ತು. ನಮ್ಮ ಅಮ್ಮಾ ಒಬ್ಬಾಕಿನ ಅಣ್ಣನ ಓಣಿಗೆ ಕಾಲ ಇಡಲಿಲ್ಲ. ಮಾಮೂನ ಹೆಂಡತಿ ನಳದಾಗ ಸಿಕ್ಕು ಅತ್ತುಕೊಂಡು ಕರದಳು. "ನಿನ್ನ ಸಂಗಾಟ ನಂದೇನ ಜಗಳ ಇಲ್ಲ ಭಾಬಿ. ಆದ್ರ ವಸ್ತ್ರ ಎತ್ತಿ ನೋಡದ ಮನಿಗೆ ನಾ ಬರೂದಿಲ್ಲ," ಅಂದು ಅಮ್ಮಾ ಕೊಡ ಹೊತ್ತಳು. ಇನ್ನೆರಡು ರಮಜಾನ್ ಈದ್ ಬಂದು ಹೋದವು. ಬಟ್ಟಲ ಬೋರಲ ಇತ್ತು.

ಅಷ್ಟರಾಗ ನನ್ನ ಲಗ್ನ ಗಟ್ಟಿ ಆತು. ಕಿತ್ತೂರ ಕಡೆ ಮನಿತನ, ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿಗೆ ಕಬ್ಬಿನ ಲಾರಿ ಹೊಡಿಯೋ ಮಂದಿ. ಎರಡು ಲಾರಿ ತುಂಬ ಬರತೇವಿ ಅಂತ ಹೇಳಿ ಕಳಸಿದ್ರು. ಅಬ್ಬಾ ರಾಮದುರ್ಗದಿಂದ ಅಲ್ಯುಮಿನಿಯಮ್ ಪಾತೇಲಿ ಬಾಡಗಿ ತರತೇನಿ ಅಂದ. ಅಮ್ಮಾ ಸೊಟ್ಟ ಮಾರಿ ಮಾಡಿದಳು. ಜಮಾತ ಒಡದ ಮ್ಯಾಲೆ ಊರಾಗ ಆದ ಎಲ್ಲಾ ಲಗ್ನಕ್ಕೂ ಅವೇ ಪಾತೇಲಿ, ಎಲ್ಲಾದರಾಗೂ ತಳ ಹತ್ತಿದ ಅನ್ನ.

"ನನ್ನ ಮಗಳ ಲಗ್ನದ ಅನ್ನ ನಮ್ಮಪ್ಪನ ದೇಗಿನ್ಯಾಗ ಆಗಬೇಕು," ಅಂದಳು. "ಇನ್ನೊಂದು ಕೇಳು. ನಮ್ಮ ಮನಿತನದಾಗ ಮದುಮಗಳನ್ನ ಗಾಡಿ ಹತ್ತಸಾಂವ ಮಾಮು. ನನ್ನೂ ನಮ್ಮ ಮಾಮುನ ಹತ್ತಸ್ಯಾನ. ಅಣ್ಣ ಬರದಿದ್ರ ನಾ ಹುಡುಗಿನ್ನ ಕಳಸಾಕ ಬಾಗಿಲ ತನಕ ಬರೂದಿಲ್ಲ. ನೀನ ಕಳಸು."

"ಅಂವನ್ನ ಕರಿಯಾಕ ನಾ ಹೋಗಬೇಕಾ? ಅಂವ ಮೊದಲ ತಪ್ಪಾತು ಅನ್ನಲಿ."

"ನಾನೂ ಹೋಗೂದಿಲ್ಲ," ಅಂದಳು ಅಮ್ಮಾ.

ಇಬ್ಬರೂ ಹಂಗ ಕುಂತ್ರು. ನನಗ ಮೈಯೆಲ್ಲಾ ಉರೀತು. ಲಗ್ನ ನಂದು! ತಾಯಿ ಒಳಗ ಕದಾ ಹಾಕ್ಕೊಂಡು ಕುಂತಿರತಾಳ, ನಾ ಗಾಡಿ ಹತ್ತಿ ಹೋಗಬೇಕೇನ? ಮಾಮೂನ ದೇಗಿನ್ಯಾಗ ಕುಣದು ಕುಣದು ನನ್ನ ಅಂಗಾಲು ಸವದಾವ, ಅಂವ ನನ್ನ ಲಗ್ನದಾಗ ಇರೂದಿಲ್ಲೇನ? ಇವರ ಚಂದ್ರ ಹಾಳಾಗಿ ಹೋಗಲಿ ಅಂದ್ನಿ. ಮರುದಿನ ಅಬ್ಬಾ ನಾಕು ದಿನದ ಬಾಡಗಿಗೆ ಸವದತ್ತಿ ಕಡೆ ಹೋದ ಗಳಿಗಿ ನೋಡಿ, ನಾನ ಕೆಲಸಕ್ಕ ಕೈ ಹಾಕಿದ್ನಿ.

ದೇಗ ನಮ್ಮ ಹಿತ್ತಲದ ಛಪ್ಪರದಾಗ ಇದ್ವು. ಮೂರು ವರ್ಷ ಕಲಾಯಿ ಇಲ್ಲದ ಒಳಗೆಲ್ಲಾ ಹಸರು ಹಿಡದಿತ್ತು. ನಾ ನಾನಾನ ಹೆಸರಿನ ಮ್ಯಾಲೆ ಹಂಚಿನ ಮಸಿ, ಸಗಣಿ ಕಲಸಿ ದಪ್ಪಗ ಮೆತ್ತಿದ್ನಿ. ಬಾಜೂ ಮನಿ ಲಿಂಗಾಯತರ ಕಾಕಾಗ ಕೈಕಾಲು ಬಿದ್ದು ಚಕ್ಕಡಿ ಹೂಡಿಸಿದ್ನಿ. "ಮಾಮೂನ ಮನಿಗೆ ಒಯ್ಯರಿ. ರಾಮದುರ್ಗದ ಗಿರಾಕಿದು, ಕಲಾಯಿ ಆಗಬೇಕು ಅಂತ ಹೇಳರಿ. ನಮ್ಮ ಹೆಸರು ತಗೀಬ್ಯಾಡ್ರಿ." ಅಮ್ಮಾ ಅಡಗಿಮನಿ ಬಾಗಿಲಾಗ ನಿಂತು ಎಲ್ಲಾ ನೋಡಿದಳು. "ನಾ ಏನೂ ನೋಡಿಲ್ಲ," ಅಂದು ಒಳಗ ಹೋದಳು.

ಕಾಕಾ ತಿರುಗಿ ಬಂದಾಗ ಮಾರಿ ಸಣ್ಣದಾಗಿತ್ತು. "ಮಾಮು ಏನಂದ್ನರಿ ಕಾಕಾ?"

"ಏನಂತಾನವಾ! 'ರಾಮದುರ್ಗದಿಂದ ಚಕ್ಕಡಿ ಹೊಡಕೊಂಡು ಬಂದ್ರೇನ್ರಿ? ನಿಮ್ಮ ಎತ್ತಿಗೆ ಒಂದಿಷ್ಟೂ ದಮ್ಮು ಹತ್ತಿಲ್ಲ, ಭಾರೀ ಎತ್ತು ಬಿಡ್ರಿ' ಅಂದ. ನನಗ ಸುಳ್ಳು ಹೇಳಾಕ ಬರೂದಿಲ್ಲವಾ. ನಾ ಎತ್ತಿನ ಬಾಲ ತಿರುವಿ ಬಂದಬಿಟ್ಟೆ."

ತನ್ನ ಕೈಯಾರೆ ಅಷ್ಟು ವರ್ಷ ಬೆಳಗಿದ ದೇಗ ಮಸಿ ಬಡದ್ರ ಅಂವಗ ಗುರ್ತ ಹತ್ತೂದಿಲ್ಲ ಅಂತ ತಿಳದಿದ್ನೆಲ್ಲಾ, ನನ್ನಂಥ ಶಾಣ್ಯಾಕಿ ಯಾರದಾರು! ಮೂರು ದಿನ ಸುದ್ದಿ ಇಲ್ಲ. ನಾಕನೇ ದಿನ ಮುಂಜಾನೆ ಮಾಮೂನ ಓಣಿಯ ಚಕ್ಕಡಿ ಒಂದು ಬಂದು ದೇಗ ಇಳಿಸಿ ಹೋತು.

ನಾನೂ ಅಮ್ಮಾನೂ ಅಂಗಳಕ್ಕ ಬಂದು ನಿಂತ್ವಿ. ಸಗಣಿ ಮಸಿ ಎಲ್ಲಾ ಹೋಗಿ, ನಾನಾನ ಹೆಸರು ಹುಣಸಿಹಣ್ಣಿಲೆ ತಿಕ್ಕಿ ಥಳಥಳ ಹೊಳಿಯಾಕತ್ತಿತ್ತು. ಮತ್ತ ನಾಕೂ ದೇಗಿನ ಮ್ಯಾಲೆ ನಾಕೂ ಮುಚ್ಚಳ ಇದ್ವು. ಮೂರು ವರ್ಷದ ಮ್ಯಾಲೆ ತಮ್ಮ ತಮ್ಮ ದೇಗಿನ ಮ್ಯಾಲೆ ಬಂದು ಕುಂತಿದ್ವು. ಅಮ್ಮಾ ಒಂದು ಮುಚ್ಚಳದ ಮ್ಯಾಲೆ ಸೆರಗಿಲೆ ಒರಸಿದಳು.

ಮಧ್ಯಾಹ್ನ ಅಬ್ಬಾ ಬಂದ. ದೇಗ ನೋಡಿ ನನ್ನ ಬೈಯಾಕ ಬಾಯಿ ತಗದ, ಮುಚ್ಚಳ ನೋಡಿ ಬಾಯಿ ಮುಚ್ಚಿದ. ಆಮ್ಯಾಲೆ ಅಂದದ್ದು ಕೇಳರಿ. "ಇವು ಆ ಜಮಾತಿನ ಮುಚ್ಚಳ. ಮಂದಿ ಸೊತ್ತು ನಮ್ಮ ಮನಿಯಾಗ ಇರೂದು ಹರಾಮ," ಅಂದು ನಾಕೂ ಮುಚ್ಚಳ ಟೆಂಪೋದಾಗ ಹೇರಿ ಮಾಮೂನ ಮನಿಗೆ ಹೊಂಟ. ನಾ ಹಣಿ ಹಣಿ ಬಡಕೊಂಡು ಹಿಂದ ಹತ್ತಿ ಕುಂತ್ನಿ.

ಮಾಮು ಕುಲುಮಿ ಮುಂದ ಇದ್ದ. ಅಬ್ಬಾ ಹೊಸ್ತಿಲಿನ ಹೊರಗ ನಿಂತು ಮುಚ್ಚಳ ಒಂದೊಂದ ಇಳಿಸಿದ. "ನಿಮ್ಮ ಜಮಾತಿನ ಸಾಮಾನು ಬಂದಿತ್ತರಿ. ಎಣಸಿ ತಗೋರಿ."

"ನಾ ಕೊಟ್ಟಿದ್ದಲ್ಲರಿ. ಮುಚ್ಚಳ ಇಲ್ಲದ ದೇಗಿಗೆ ನಾಯಿ ಬಾಯಿ ಹಾಕತೈತಿ. ಕಲಾಯಿ ಮಾಡಿದಾಂವ ಮುಚ್ಚಿ ಕಳಸಬೇಕು. ಅದು ನನ್ನ ಕೆಲಸದ ರೀತಿ."

"ರೀತಿ ನಮಗೂ ಗೊತ್ತೈತರಿ. ಕೇಳಲಾರದ ಕೊಟ್ಟಿದ್ದು ನಾವು ಇಟ್ಟುಕೊಳ್ಳೂದಿಲ್ಲ."

"ಬಿಟ್ಟ ಹೋಗರಿ ಹಂಗಾದ್ರ. ಅನ್ನದಾಗ ಹೊಗಿ ಕುಂಡ್ರಲಿ. ನನ್ನ ಸೊಸಿ ಲಗ್ನದಾಗ ಕಿತ್ತೂರ ಮಂದಿ ಉಗುಳಿ ಹೋಗಲಿ."

"ಯಾಕ ಉಗುಳ್ತಾರ? ನನ್ನ ಮಗಳ ಲಗ್ನದ ಅನ್ನ..."

"ಲೇ, ಮುಚ್ಚಳ ಬಿಗದು ಅನ್ನಕ್ಕ ದಮ್ಮು ಕಟ್ಟೂದು ಹೆಂಗಂತ ನಿನಗ ಗೊತ್ತೈತೇನಲೇ? ಹುಟ್ಟಿದಾಗಿಂದ ಟೆಂಪೋ ಬಿಟ್ಟು ಏನ್ ಕಟ್ಟೀದಿ?"

"ಲೇ ಮಗನ, ನಾ ಏನ್ ಕಟ್ಟೇನಿ ಅಂತ ನಿನ್ನ ತಂಗಿನ್ನ ಕೇಳು!"

ಹಿಂಗ ಅರ್ಧ ತಾಸು. ಓಣಿ ಮಂದಿ ಕೂಡಿದ್ರು. ನನಗ ಅಳು ಬರಬೇಕಾಗಿತ್ತು, ನಗು ಬಂತು. 'ರಿ' ಹೋಗಿ 'ಲೇ' ಬಂದಿತ್ತು. ಮೂರು ವರ್ಷ ಸಲಾಮಿಲ್ಲದ ಇಬ್ಬರು ಗಂಡಸರು ಮೂರು ವರ್ಷದ ಮಾತು ಒಮ್ಮೆಲೆ ಆಡಾಕತ್ತಿದ್ರು. ನಡುವ ಮಾಮೂನ ಹೆಂಡತಿ ಚಾ ತಂದು ಅಬ್ಬಾನ ಕೈಯಾಗ ಇಟ್ಟಳು. ಬೈಯೋ ಭರದಾಗ ಅಂವ ಅದನ್ನ ಕುಡದಬಿಟ್ಟ. ಕಡೀಕ ಮುಚ್ಚಳ ತಿರುಗಿ ಟೆಂಪೋದಾಗ ಬಂದ್ವು, ಯಾರು ಗೆದ್ರು ಯಾರು ಸೋತ್ರು ನನಗಂತೂ ತಿಳೀಲಿಲ್ಲ.

ಮನಿಗೆ ಬಂದ ಕೂಡಲೆ ಅಮ್ಮಾ ಕೇಳಿದ್ದು ಒಂದ. "ಬಾ ಅಂತ ಕರದಿಯೇನ?"

ಅಬ್ಬಾ ತಲಿ ಕೆರಕೊಂಡ. "ಮರತ್ನಿ," ಅಂದ.

ಅಮ್ಮಾ ಒಳಗ ಹೋಗಿ ಭಾಂಡೆ ಕುಕ್ಕಿದ ಸಪ್ಪಳಕ್ಕ ಬೆಕ್ಕು ಹೊರಗ ಓಡಿ ಬಂತು.

ಲಗ್ನದ ದಿನ ಬೆಳಗಿನ ನಮಾಜ ಮುಗದಿತ್ತು. ನನ್ನ ಮದುಮಗಳ ಮಾಡಿ ಹಿಂದಿನ ಖೋಲಿಯಾಗ ಕುಂಡ್ರಿಸಿದ್ರು. ಆ ಖೋಲಿ ಕಿಡಕಿ ಹಿತ್ತಲಕ್ಕ ಇತ್ತು, ಅಲ್ಲೇ ದೇಗಿನ ಒಲಿ. ಮಂದಿ ಕಾಣದಂಗ ಪರದೆ ಸರಸಿ ನೋಡಿದ್ರ, ಒಲಿ ಬಾಜೂಕ ಕಲಾಯಿ ಮಾಡೋ ಮಸಿ ಅಂಗಿ ಹಾಕ್ಕೊಂಡು ಮಾಮು ಕುಕ್ಕುರಗಾಲಿಲೆ ಕುಂತಾನ! ಅಡಗಿಯಾಂವ ಯಾಕ ಬಂದ್ರಿ ಅಂತ ಕೇಳಿದ್ದಕ್ಕ, "ನಮ್ಮ ಜಮಾತಿನ ಮುಚ್ಚಳ ಇಲ್ಲಿ ಅದಾವ. ಕಾಯಾಕ ಬಂದೇನಿ. ಲಗ್ನಕ್ಕ ಬಂದಿಲ್ಲ," ಅಂದ. ಅಂವ ಮುಚ್ಚಳ ಕಾಯತಾನ ಅಂತ ಅಂವನ ಕಡೆಯವರು ಒಬ್ಬೊಬ್ಬರ ನೋಡಾಕ ಬಂದ್ರು. ಬಂದವರು ಕೈ ಕಟ್ಟಿಕೊಂಡು ಎಷ್ಟೊತ್ತು ನಿಂತಾರು? ಒಬ್ಬಾಂವ ಕಟಗಿ ಸೀಳಿದ, ಒಬ್ಬಾಂವ ನೀರು ಹೊತ್ತ, ಒಬ್ಬಾಂವ ಶೆಡ್ಡಿನಿಂದ ಮೈಕಿನ ಮಶೀನ ತಂದು ಮಸೂತಿ ಕರ್ಣಿಗೆ ಹಚ್ಚಿದ. ಆದ್ರ ಮಾಮು ಚಾ ಮುಟ್ಟಲಿಲ್ಲ, ನೀರೂ ಮುಟ್ಟಲಿಲ್ಲ. ಕರಿಯದ ಮನಿಯಾಗ ಅಂವ ಬಾಯಿಗೆ ಏನೂ ಹಾಕಾಂವ ಅಲ್ಲ.

ನಿಖಾದ ಹೊತ್ತಾತು. ಅಬ್ಬಾ ಬಿಳಿ ಅಂಗಿ, ಅತ್ತರಾ ಹಚ್ಚಿಕೊಂಡು ಹಿತ್ತಲಕ್ಕ ಬಂದ. ಮಾಮೂನ ಎದುರಿಗೆ, ಆ ಬೂದ್ಯಾಗ, ಹಂಗ ಕುಂತಬಿಟ್ಟ.

"ನಿಖಾಕ್ಕ ಇಬ್ಬರು ಸಾಕ್ಷಿ ಬೇಕು," ಅಂದ. "ಒಬ್ಬಾಂವ ನೀ ಬಾ."

ಮಾಮು ಒಲಿ ಕಡೆ ನೋಡಕೋತ ಅಂದ, "ಹೊಗಿ ಕುಡದ ಕಣ್ಣು ನನ್ನವು. ನಡೀತೈತೇನ?"

"ಟೆಂಪೋ ಹೊಡಿಯಾಂವ ಕೇಳಾಕತ್ತಾನ. ನಡೀತೈತಿ."

"ನನ್ನ ಯಾರೂ ಕರದಿಲ್ಲ."

"ನೀ ಏನ್ ಬೀಗನೇನಲೇ ಕರಿಯಾಕ? ನಿನ್ನ ಮನಿ ಲಗ್ನಕ್ಕ ನಿನಗ ಯಾಂವ ಕರೀಬೇಕು?" ಅಂದ ಅಬ್ಬಾ. "ನಂದು ತಪ್ಪಾತು. ಆ ದಿನ ನಾ ಹಂಗ ಅನ್ನಬಾರದಿತ್ತು."

"ಮೊದಲ ಅಂದಾಂವ ನಾನಲೇ," ಅಂದ ಮಾಮು.

ವಕೀಲ ಅಂತ ಒಬ್ಬ ಹಿರ್ಯಾ, ಇಬ್ಬರು ಸಾಕ್ಷಿ ಕೂಡಿ ಹುಡುಗಿ ಹಂತ್ಯಾಕ ಬಂದು ಕಬೂಲ ಐತೇನ ಅಂತ ಕೇಳೂದು ನಮ್ಮ ಪದ್ಧತಿ. ಮೂರು ಮಂದಿ ಬಂದ್ರು. ಮಾಮು ಕೈ ತೊಳಕೊಂಡಿದ್ದ, ಆದ್ರ ಆ ಮಸಿ ಎಲ್ಲಿ ಹೋಗತೈತಿ! ಅಂವನ ಮೈಯಿಂದ ನವಸಾಗರದ ವಾಸನಿ ಬಂತು. ವಕೀಲರು ಎರಡು ಸಲ ಕೇಳಿದ್ರು, ನಂದು ಬರೇ ಮುಸುಮುಸು. ಆಗ ಮುಸುಕಿನ ಹೊರಗಿಂದ ಒಂದು ದನಿ, "ಇನ್ನೂ ಜೋರ! ಬಾಯಾಗ ಏನ್ ಗಂಜಿ ತುಂಬೇತೇನ?" ನಾ ನಕ್ಕ ಸಪ್ಪಳ ಮಾಂಡವದ ತನಕ ಹೋಗಿತ್ತಂತ. "ಕಬೂಲ!" ಅಂತ ಒದರಿದ್ನಿ. ಮದುಮಗಳು ಹಂಗ ಒದರೂದು ನಮ್ಮ ಕಡೆ ಚಂದ ಅಲ್ಲ, ನಮ್ಮ ಅತ್ತಿ ಈಗಲೂ ಅದನ್ನ ಆಡಕೊಂಡು ನಗತಾಳ.

ಆ ದಿನ ಎರಡೂ ಜಮಾತಿನವರು ಒಂದೊಂದ ತಾಟಿಗೆ ನಾಕ ನಾಕ ಮಂದಿ ಕೂಡಿ ಕುಂತು ಉಂಡ್ರು. ಅನ್ನ ಉದುರುದುರು ಆಗಿತ್ತು. ಮುಂದಿನ ವಾರ ಮಾಮು ದೇಗಿಗೂ ಮುಚ್ಚಳಕ್ಕೂ ಸರಪಳಿ ಜಡದ, ಶೆಡ್ಡಿಗೆ ತಿರುಗಿ ಬೆಲ್ಲ ಬಂತು. ಚಂದ್ರನ ವಾದ ಪೂರಾ ನಿಂತಿತು ಅಂತ ನಾ ಹೇಳೂದಿಲ್ಲ, ಮೊಬೈಲ ಬಂದ ಮ್ಯಾಲಂತೂ ಇನ್ನೂ ಜೋರ ಆಗೇತಿ. ಆದ್ರ ವಾದ ಎಷ್ಟ ಆದ್ರೂ ಊರಿಗೆ ಈದ್ ಒಂದ ದಿನ ಆಗತೈತಿ.

ಅವತ್ತ ಊಟದ ಹೊತ್ತಿನ್ಯಾಗ ಅಮ್ಮಾ ಮಾತ್ರ ಹೊರಗ ಬಂದಿರಲಿಲ್ಲ. ಅಣ್ಣ ಹಿತ್ತಲದಾಗ ಅದಾನ ಅಂತ ಮುಂಜಾನಿಂದ ಗೊತ್ತಿತ್ತು ಆಕಿಗೆ. ಒಂದು ಸಲಾನೂ ಆ ಕಡೆ ಹಾಯಲಿಲ್ಲ. ಕಿತ್ತೂರ ಮಂದಿ ಹೊತ್ತು ಮುಳುಗೂದರಾಗ ಊರು ಮುಟ್ಟಬೇಕು ಅಂತ ಲಾರಿ ಹಾರನ್ನು ಒತ್ತಾಕ ಸುರು ಮಾಡಿದ್ರು. ಮತ್ತ ಪರದೆ ಸರಸಿ ನೋಡಿದ್ನಿ. ಮಾಮು ಒಬ್ಬಾಂವನ ಖಾಲಿ ದೇಗಿನ ಹಂತ್ಯಾಕ ಕುಂತು, ಮುಚ್ಚಳ ಒರಸಕೋತ, ಅಡಗಿಮನಿ ಬಾಗಿಲ ಕಡೆ ನೋಡಾಕತ್ತಿದ್ದ.

ಬಾಗಿಲಾಗ ಅಮ್ಮಾ ಬಂದಳು. ಕೈಯಾಗ ನೀಲಿ ಹೂವಿನ ಬಟ್ಟಲ, ಮ್ಯಾಲೆ ಅದ ಬಿಳಿ ವಸ್ತ್ರ. ಎಲ್ಲಾರೂ ನಿದ್ದಿಯಿಂದ ಏಳೂದರಾಗ ಹಾಲು ಕಾಸಿದ್ದಳಂತ, ನಮಗ ಯಾರಿಗೂ ಸುಳಿವು ಕೊಟ್ಟಿರಲಿಲ್ಲ. ಬಂದು ಅಣ್ಣನ ಮುಂದ ನಿಂತಳು. ಬಟ್ಟಲ ಕೊಡಲಿಲ್ಲ.

"ಇವತ್ತ ರೋಜಾ ಅದಿಯೇನ?" ಅಂದಳು.

"ಇಲ್ಲವ್ವಾ," ಅಂದ ಮಾಮು. ಮಸಿಗೈ ಅಂಗಿಗೆ ಒರಸಿಕೊಂಡ, ಇನ್ನೊಂದು ಸಲ ಒರಸಿಕೊಂಡ, ತಾನ ಆ ವಸ್ತ್ರ ಎತ್ತಿದ. ಎರಡೂ ಕೈಲೆ ಹಿಡದು ಒಂದ ದಮ್ಮಿಗೆ ಕುಡದ. ಕುಡದು ಬಟ್ಟಲದಾಗ ನೋಡಕೋತ ಕುಂತ.

"ಇನ್ನೊಂದಿಷ್ಟು ಐತೇನ?" ಅಂದ.

"ಮೂರು ಈದಿಂದು ಐತಿ," ಅಂದಳು ಅಮ್ಮಾ. "ಕುಡದು ಲಗೂನ ಏಳು, ಗಾಡಿ ಹತ್ತಾಕ ಹುಡುಗಿ ನಿನ್ನ ಹಾದಿ ಕಾಯಾಕತ್ತಾಳ."